ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಲ್ಲುವುದು ಹೇಗೆ? ಅಲ್ಲಿ ಬೋರ್ ಹಾಕಿಸಬಹುದೇ?

ಪ್ರಶ್ನೆ: ಮಧುಗಿರಿ ಹತ್ತಿರ ನಮಗೆ ನಾಲ್ಕು ಎಕರೆ ಜಮೀನಿದೆ. ಎರಡು ಬೋರ್ ಫೇಲಾಗಿವೆ. ಮೊನ್ನೆ ನೀರು ನೋಡುವವರೊಬ್ಬರನ್ನು ಕರೆಸಿದೆವು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ನಡೆದರು. ಹುತ್ತದ ಪಕ್ಕ ಬಂದಾಗ ಕಾಯಿ ತಾನಾಗಿಯೇ ಎದ್ದು ನಿಂತಿತು. 380 ಅಡಿಗೆ ಮೂರು ಇಂಚು ನೀರು ಎಂದರು. ನಂಬಿಕೆ ಬರದೆ ನಾನೂ ಕಾಯಿ ಹಿಡಿದು ನಡೆದೆ. ಅದೇ ಜಾಗದಲ್ಲಿ ನನ್ನ ಕೈಯಲ್ಲೂ ಎದ್ದಿತು! ಇದು ಹೇಗೆ? ಅಲ್ಲಿ ಬೋರ್ ಹಾಕಿಸಲೇ?

ಉತ್ತರ: ನೀವು ಕಂಡದ್ದು ಸುಳ್ಳಲ್ಲ. ಕಾಯಿ ಎದ್ದು ನಿಂತದ್ದು ನಿಜ. ನೀರು ನೋಡಿದವರು ನಿಮಗೆ ಮೋಸ ಮಾಡಿದರು ಎನ್ನಲೂ ಕಾರಣವಿಲ್ಲ. ಹೀಗೆ ಪಾಯಿಂಟ್ ಮಾಡುವವರಲ್ಲಿ ಬಹಳ ಮಂದಿ ತಮ್ಮ ವಿದ್ಯೆಯನ್ನು ಮನಸಾರೆ ನಂಬಿದವರು. ಆದರೆ ಕಾಯಿಯನ್ನು ಎಬ್ಬಿಸಿದ್ದು ನೆಲದಡಿಯ ನೀರಲ್ಲ, ಕೈ. ಆ ಕೈಯನ್ನು ಆಡಿಸಿದ್ದು ಕಣ್ಣು ಮೊದಲೇ ಕಂಡಿದ್ದ ಗುರುತು. ಇದಕ್ಕೆ ಒಳ್ಳೆಯ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ನಿಮ್ಮ ಕೈಯಲ್ಲಿ ಕಾಯಿ ಎದ್ದದ್ದು ಅವರು ಜಾಗ ತೋರಿಸಿದ ಮೇಲೆ. ಅವರು ಬರುವ ಮುಂಚೆ ನೀವೊಬ್ಬರೇ ಕಾಯಿ ಹಿಡಿದು ನಾಲ್ಕು ಎಕರೆ ಸುತ್ತಿದ್ದರೆ ಅದು ಹುತ್ತದ ಪಕ್ಕದಲ್ಲೇ ಏಳುತ್ತಿತ್ತೇ? ಇದನ್ನು ನಿಮ್ಮ ಹೊಲದಲ್ಲೇ, ಖರ್ಚಿಲ್ಲದೆ, ಒಂದು ಬೆಳಿಗ್ಗೆಯಲ್ಲಿ ಪರೀಕ್ಷಿಸಬಹುದು.

ಮೊದಲು ಕೈಯ ವಿಷಯ. ಸಿಪ್ಪೆ ಸುಲಿದು ಜುಟ್ಟು ಬಿಟ್ಟ ಕಾಯಿ ಸಾಮಾನ್ಯವಾಗಿ ಅರ್ಧ ಕೆಜಿಗೆ ಹೆಚ್ಚುಕಮ್ಮಿ ತೂಗುತ್ತದೆ. ಅದನ್ನು ಚಾಚಿದ ಅಂಗೈಯಲ್ಲಿ ಹೊತ್ತು ಹತ್ತು ನಿಮಿಷ ನಡೆದರೆ ತೋಳಿನ ಸ್ನಾಯು ದಣಿಯುತ್ತದೆ, ದಣಿದ ಸ್ನಾಯು ಸಣ್ಣಗೆ ನಡುಗುತ್ತದೆ. ಕಾಯಿಗೆ ಚಪ್ಪಟೆ ತಳವಿಲ್ಲ, ಒಳಗೆ ನೀರು ಕುಲುಕುತ್ತಿರುತ್ತದೆ. ಜುಟ್ಟು ಬೆರಳ ಕಡೆಗಿದ್ದಾಗ ಬೆರಳುಗಳು ಒಂದಿಷ್ಟು ಮೇಲಕ್ಕೆ ಮಡಿಚಿದರೂ ಸಾಕು, ಆ ತುದಿ ಏಳುತ್ತದೆ, ಇನ್ನೊಂದು ತುದಿ ಅಂಗೈಯ ಕುಳಿಗೆ ಜಾರಿ ಅಲ್ಲಿ ಕೂತುಬಿಡುತ್ತದೆ. 'ಇಲ್ಲೇ ಇರಬೇಕು' ಎಂದು ಮನಸ್ಸಿಗೆ ಬಂದ ಕಡೆ ಹೆಜ್ಜೆ ತಾನಾಗಿ ತಡೆಯುತ್ತದೆ, ಆ ಕುಲುಕೂ ಇದಕ್ಕೆ ಸೇರಿಕೊಳ್ಳುತ್ತದೆ. ಹಿಡಿದವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. 'ನಾನು ಏನೂ ಮಾಡಲಿಲ್ಲ, ಅದೇ ಎದ್ದಿತು' ಎನ್ನುವ ಅವರ ಮಾತು ಅವರ ಮಟ್ಟಿಗೆ ಪೂರ್ತಿ ಸತ್ಯ.

ನೋಡಬೇಕೆಂದಿದ್ದರೆ ಹೀಗೆ ಮಾಡಿ. ಕಿರುಬೆರಳ ತುದಿಯಿಂದ ಮಣಿಕಟ್ಟು ದಾಟುವವರೆಗೆ ಕೈಯ ಅಂಚಿನ ಮೇಲೆ ಪೆನ್ನಿನಿಂದ ಒಂದು ನೇರ ಗೆರೆ ಎಳೆಯಿರಿ. ಇನ್ನೊಬ್ಬರು ಮೊಬೈಲನ್ನು ಅಂಗೈ ಮಟ್ಟದಲ್ಲೇ ಪಕ್ಕದಿಂದ ಹಿಡಿದು, ಸ್ಲೋ ಮೋಷನ್‌ನಲ್ಲಿ ಚಿತ್ರಿಸುತ್ತ ಜತೆಗೆ ನಡೆಯಲಿ. ಮೇಲಿನಿಂದ ಚಿತ್ರಿಸಿದರೆ ಏನೂ ಕಾಣದು, ಪಕ್ಕದಿಂದಲೇ ಆಗಬೇಕು. ಕಾಯಿ ಏಳುವ ಹೊತ್ತಿಗೆ ಆ ಗೆರೆ ಎಲ್ಲಿ, ಯಾವಾಗ ಬಾಗಿತು ಎಂಬುದನ್ನು ನಿಧಾನವಾಗಿ ನೋಡಿ. ಆಮೇಲೆ ಇನ್ನೊಂದು: ಒಂದು ತಟ್ಟೆಯಲ್ಲಿ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಅದೇ ಕಾಯಿ ಮಲಗಿಸಿ, ತಟ್ಟೆಯನ್ನು ತಳ್ಳುಗಾಡಿಗೆ ಬಿಗಿದು ಹುತ್ತದ ಪಕ್ಕ ತಂದು ನಿಲ್ಲಿಸಿ. ನೀರೇ ಕಾಯಿಯನ್ನು ಎಬ್ಬಿಸುವುದಾದರೆ ಗಾಡಿಯ ಮೇಲೂ ಏಳಬೇಕು. ಏಳುವುದಿಲ್ಲ.

'ಮನುಷ್ಯನ ಮೈಯಲ್ಲಿ ಕರೆಂಟ್ ಹರಿಯಬೇಕು, ಅದಕ್ಕೆ ಒ ಪಾಸಿಟಿವ್ ರಕ್ತದವರೇ ಆಗಬೇಕು, ಇಲ್ಲವೇ ಕಾಲು ಮುಂದಾಗಿ ಹುಟ್ಟಿರಬೇಕು' ಎನ್ನುವವರಿದ್ದಾರೆ. ನಮ್ಮ ಕಡೆ ಒ ಗುಂಪೇ ಎಲ್ಲಕ್ಕಿಂತ ಸಾಮಾನ್ಯ. ಊರಲ್ಲಿ ಮೂರು ಜನರಿಗೊಬ್ಬರಂತೆ ಸಿಗುವ ರಕ್ತದ ಗುಂಪಿನಲ್ಲಿ ವಿಶೇಷ ಶಕ್ತಿ ಹುಡುಕುವುದರಲ್ಲಿ ಅರ್ಥವಿಲ್ಲ.

ಬೇವಿನ ಕವಲು ಕಡ್ಡಿ, ತಾಮ್ರದ ಸರಳು, ದಾರಕ್ಕೆ ಕಟ್ಟಿದ ಗುಂಡು ಎಲ್ಲದರ ಗುಟ್ಟೂ ಇದೇ. ಎರಡು ಕವಲನ್ನು ಹೊರಗೆ ಎಳೆದು ಹಿಡಿದ ಕಡ್ಡಿ ಬಿಲ್ಲಿನ ಹಾಗೆ ಬಿಗಿದು ನಿಂತಿರುತ್ತದೆ. ಮಣಿಕಟ್ಟು ಕೂದಲೆಳೆಯಷ್ಟು ಹೊರಳಿದರೂ ತೊಗಟೆ ಸುಲಿದು ಹೋಗುವಷ್ಟು ಜೋರಾಗಿ ಕೆಳಗೆ ಬಾಗುತ್ತದೆ. ಅದಕ್ಕೇ ಹಿಡಿದವರಿಗೆ ಯಾರೋ ಎಳೆದಂತೆ ಅನಿಸುವುದು. ಸರಿಯಾಗಿ ನೆಟ್ಟಗಿಲ್ಲದ ಕಂಬಕ್ಕೆ ಹಾಕಿದ ಗೇಟು ತಾನೇ ತೆರೆದುಕೊಳ್ಳುವುದನ್ನು ನೋಡಿದ್ದೀರಲ್ಲ? ಮುಷ್ಟಿಯಲ್ಲಿ ಹಿಡಿದ ಎಲ್ ಆಕಾರದ ಸರಳು ಒಂದಕ್ಕೊಂದು ಅಡ್ಡ ಬರುವುದು ಹಾಗೆಯೇ. ಎರಡು ಮೂರು ಡಿಗ್ರಿ ವಾಲಿದರೆ ಸಾಕು.

ಈ ಗುಟ್ಟು ಗೊತ್ತಾಗಿ ಬಹಳ ಕಾಲವಾಯಿತು. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೂಲ್ ದಾರಕ್ಕೆ ಕಬ್ಬಿಣದ ಉಂಗುರ ಕಟ್ಟಿ ಪಾದರಸದ ಮೇಲೆ ಹಿಡಿದರು. ಉಂಗುರ ತೂಗಿತು. ನಡುವೆ ಗಾಜು ಇಟ್ಟರೆ ನಿಂತಿತು. ಆಮೇಲೆ ತಮ್ಮ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಗಾಜು ಯಾವಾಗ ಇಡುತ್ತಾರೆ, ಯಾವಾಗ ತೆಗೆಯುತ್ತಾರೆ ಎಂಬುದು ತಮಗೆ ತಿಳಿಯದಂತೆ ಮಾಡಿಕೊಂಡರು. ಆಗ ಗಾಜಿಗೂ ಉಂಗುರಕ್ಕೂ ಸಂಬಂಧವೇ ಉಳಿಯಲಿಲ್ಲ. ಇದನ್ನು ಅವರು 1833ರಲ್ಲಿ ಬರೆದು ಪ್ರಕಟಿಸಿದರು. ಮನಸ್ಸಿನಲ್ಲಿರುವ ನಿರೀಕ್ಷೆಯೇ ಅರಿವಿಗೆ ಬಾರದಂತೆ ಸ್ನಾಯುವನ್ನು ಆಡಿಸುವ ಈ ಕ್ರಿಯೆಗೆ 1852ರಲ್ಲಿ ವಿಲಿಯಂ ಕಾರ್ಪೆಂಟರ್ ಐಡಿಯೋಮೋಟರ್ ಎಂದು ಹೆಸರಿಟ್ಟರು. ಮರುವರ್ಷ ಮೈಕೆಲ್ ಫ್ಯಾರಡೆ, ಪ್ರೇತ ಕರೆಯುವ ಕೂಟಗಳಲ್ಲಿ ಮೇಜು ತಿರುಗುವುದನ್ನು ಪರೀಕ್ಷಿಸಿದರು. ಕೂತವರ ಕೈ ಯಾವ ಕಡೆ ತಳ್ಳುತ್ತಿದೆ ಎಂದು ಅವರಿಗೇ ತೋರಿಸುವ ಒಂದು ಕಡ್ಡಿಮುಳ್ಳನ್ನು ಜೋಡಿಸಿದ್ದೇ ತಡ, ಮೇಜು ನಿಂತುಹೋಯಿತು. ಪ್ಲಾಂಚೆಟ್ ಹಲಗೆಯ ಮೇಲೆ ಲೋಟ ಓಡುವುದಕ್ಕೂ ನಿಮ್ಮ ಅಂಗೈಯ ಕಾಯಿ ಏಳುವುದಕ್ಕೂ ಕಾರಣ ಒಂದೇ.

ನೀರು ನೋಡುವವರ ಮೇಲೆಯೇ ನಡೆದ ದೊಡ್ಡ ಪರೀಕ್ಷೆಗಳು ಜರ್ಮನಿಯವು. 1987-88ರಲ್ಲಿ ಮ್ಯೂನಿಕ್ ಬಳಿ ಎರಡು ಅಂತಸ್ತಿನ ಕಣಜದಲ್ಲಿ, ಕೆಳಗೆ ನೀರಿನ ಪೈಪನ್ನು ಗಾಡಿಯ ಮೇಲಿಟ್ಟು ಬೇಕಾದ ಕಡೆ ಸರಿಸಿ, ಮೇಲೆ 10 ಮೀಟರ್ ಗೆರೆಯಲ್ಲಿ ನಡೆಯುತ್ತ ಪೈಪ್ ಎಲ್ಲಿದೆ ಎಂದು ಹೇಳಬೇಕಿತ್ತು. ಸುಮಾರು 500 ಜನರಿಂದ ಆರಿಸಿದ 43 ಮಂದಿ, 843 ಸುತ್ತು. ಹೆಚ್ಚಿನವರ ಗುರಿ ಊಹೆಯಷ್ಟೇ ಇತ್ತು. ನಡೆಸಿದವರು ಕೆಲವರಿಗೆ ಮಾತ್ರ ನಿಜವಾದ ಶಕ್ತಿಯಿದೆ ಎಂದರು. ಆದರೆ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ ಅಮೆರಿಕದ ವಿಜ್ಞಾನಿ ಜಿಮ್ ಎನ್‌ರೈಟ್, ಆ ಕೆಲವರೂ ಸದಾ ಗೆರೆಯ ನಡುಮಧ್ಯವನ್ನೇ ತೋರಿಸುತ್ತ ಹೋಗಿದ್ದರೆ ಬರುತ್ತಿದ್ದ ಫಲಕ್ಕಿಂತ ಹೆಚ್ಚೇನೂ ಸಾಧಿಸಿಲ್ಲ ಎಂದು ತೋರಿಸಿದರು. 1990ರಲ್ಲಿ ಕಾಸೆಲ್ ಊರಿನಲ್ಲಿ 30 ಜನರನ್ನು ಪರೀಕ್ಷಿಸಿದಾಗ, ಅರ್ಧ ಮೀಟರ್ ಆಳದ ಪೈಪಿನಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ಎಂದಷ್ಟೇ ಹೇಳಬೇಕಿತ್ತು. ವಿಧಾನವನ್ನು ಅವರೆಲ್ಲ ಮೊದಲೇ ಒಪ್ಪಿದ್ದರು. ಫಲ ಅಲ್ಲೂ ಊಹೆಯ ಮಟ್ಟದಲ್ಲೇ ನಿಂತಿತು.

ಈಗ ನಿಮ್ಮ ಹೊಲ. ಮಡಕೆಯಲ್ಲಿ ನೀರು ಮುಚ್ಚಿಟ್ಟು ಪರೀಕ್ಷಿಸಿದರೆ 'ನಿಂತ ನೀರು ನಮಗೆ ಸಿಗುವುದಿಲ್ಲ, ಹರಿಯುವ ಸೆಲೆ ಬೇಕು' ಎಂಬ ಉತ್ತರ ಬರುತ್ತದೆ. ಆದ್ದರಿಂದ ಅವರೇ ಗುರುತಿಸಿದ ಸೆಲೆಯ ಮೇಲೆ ಪರೀಕ್ಷೆ ಮಾಡಿ, ಅದು ಅವರಿಗೂ ನ್ಯಾಯ. ಗುರುತಿನ ಮೇಲೆ ಹಾದುಹೋಗುವಂತೆ 40 ಮೀಟರ್ ಹಗ್ಗ ಎಳೆದು ಮೀಟರಿಗೊಂದು ಗೂಟ ಹೊಡೆಯಿರಿ. ಗುರುತು ಹಗ್ಗದ ನಟ್ಟನಡುವೆ ಬರಬಾರದು. ಹುತ್ತದ ದಿಬ್ಬ ಕಾಲಿಗೆ ಸಿಗದಂತೆ ಹಗ್ಗವನ್ನು ನಾಲ್ಕೈದು ಮೀಟರ್ ಆಚೆಗೆ ಸರಿಸಿ, 'ಸೆಲೆ ಇಲ್ಲಿ ಎಲ್ಲಿ ದಾಟುತ್ತದೆ' ಎಂದು ಕಣ್ಣು ಬಿಟ್ಟೇ ಮತ್ತೊಮ್ಮೆ ತೋರಿಸಲು ಹೇಳಿ, ಬರೆದಿಟ್ಟುಕೊಳ್ಳಿ. ಆಮೇಲೆ ಕಣ್ಣಿಗೆ ಬಟ್ಟೆ. ಮೂಗಿನ ಪಕ್ಕದ ಸಂದಿಯಿಂದ ನೆಲ ಕಾಣುತ್ತದೆ, ಅದಕ್ಕೆ ಹತ್ತಿ ಇಟ್ಟು ಮುಚ್ಚಿ. ಪ್ರತಿ ಸಲವೂ ಚೀಟಿ ಎತ್ತಿ ಬೇರೆ ಬೇರೆ ಗೂಟದಿಂದ ನಡಿಗೆ ಶುರು ಮಾಡಿಸಿ, ಇಲ್ಲವಾದರೆ ಹೆಜ್ಜೆ ಎಣಿಸಿಬಿಡುತ್ತಾರೆ, ಅರಿಯದೆಯೂ ಎಣಿಸುತ್ತಾರೆ. ಕೈ ಹಿಡಿದು ನಡೆಸುವವರಿಗೂ ಗುರುತು ಎಲ್ಲಿದೆ ಎಂದು ಗೊತ್ತಿರಬಾರದು. ಇದನ್ನು ಬಹಳ ಜನ ಮರೆಯುತ್ತಾರೆ, ಪರೀಕ್ಷೆ ಕೆಡುವುದೂ ಇಲ್ಲೇ. ಗೊತ್ತಿದ್ದವರ ಕೈ ಆ ಜಾಗದಲ್ಲಿ ಒಂದು ಚೂರು ಬಿಗಿಯಾದರೂ ಸಾಕು, ಸುಳಿವು ಸಿಕ್ಕಿಬಿಡುತ್ತದೆ. ಸುತ್ತ ನಿಂತವರು ಉಸಿರು ಬಿಗಿಹಿಡಿಯುವುದೂ ಸುಳಿವೇ, ಅವರನ್ನು ದೂರ ಕಳಿಸಿ.

ಹತ್ತು ಸಲ ನಡೆಸಿ. ಗುರುತಿನ ಎರಡೂ ಬದಿಗೆ ಒಂದೊಂದು ಮೀಟರ್ ಒಳಗೆ ಕಾಯಿ ಎದ್ದರೆ ಸರಿ ಎನ್ನಿ. 40 ಮೀಟರಿನಲ್ಲಿ 2 ಮೀಟರ್ ಎಂದರೆ ಬರೀ ಊಹೆಗೆ 20ರಲ್ಲಿ ಒಂದು ಅವಕಾಶ. ಹತ್ತು ಸಲದಲ್ಲಿ ಒಮ್ಮೆ ಸರಿಯಾದರೆ ಅದರಲ್ಲೇನೂ ವಿಶೇಷವಿಲ್ಲ. ಆರೇಳು ಸಲ ಸರಿಯಾದರೆ ನಾನು ಇಲ್ಲಿ ಬರೆದದ್ದನ್ನೆಲ್ಲ ಮತ್ತೆ ಯೋಚಿಸಬೇಕಾಗುತ್ತದೆ. ನಿಮ್ಮ ಕೈಯಲ್ಲೂ ಎದ್ದಿತಲ್ಲ, ನೀವೂ ಹತ್ತು ಸಲ ನಡೆಯಿರಿ.

'ಹಾಗಾದರೆ ಅವರು ಹೇಳಿದ ಕಡೆ ನೀರು ಬಿದ್ದದ್ದು ಹೇಗೆ' ಎಂದು ಊರಲ್ಲಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನಿಮ್ಮ ಭಾಗದ ನೆಲ ಗ್ರಾನೈಟ್ ಮತ್ತು ನೈಸ್ ಬಂಡೆಯದು. ಒಳಗೆ ನದಿ ಹರಿಯುವುದಿಲ್ಲ. ಮೇಲೆ ಮಣ್ಣು, ಅದರಡಿ ಕೊಳೆತು ಪುಡಿಯಾದ ಕಲ್ಲಿನ ಪದರ, ಅದರಡಿ ಗಟ್ಟಿ ಬಂಡೆ, ಬಂಡೆಯೊಳಗೆ ಅಲ್ಲಲ್ಲಿ ಬಿರುಕು. ಕೊಳೆತ ಪದರ ಸ್ಪಂಜಿನಂತೆ ಮಳೆನೀರು ಹಿಡಿದಿಡುತ್ತದೆ, ಬಿರುಕು ಅದನ್ನು ಬೋರಿಗೆ ತಲುಪಿಸುತ್ತದೆ. ಬೋರ್‌ನವರು 'ಗ್ಯಾಪ್ ಸಿಕ್ಕಿತು' ಎನ್ನುವುದು ಈ ಬಿರುಕಿಗೆ. ಹಳ್ಳದ ಬದಿ, ತಗ್ಗು ಜಾಗ, ಕೆರೆಯ ಕೆಳಗಿನ ಅಚ್ಚುಕಟ್ಟು ಇಂಥಲ್ಲೆಲ್ಲ ಕಣ್ಣು ಮುಚ್ಚಿ ಕೊರೆದರೂ ಅಷ್ಟಿಷ್ಟು ನೀರು ಬರುವ ಸಾಧ್ಯತೆ ಇದ್ದೇ ಇರುತ್ತದೆ. ಒಂದು ಊರಿನಲ್ಲಿ ಹತ್ತರಲ್ಲಿ ಆರು ಬೋರಿಗೆ ನೀರು ಬೀಳುವುದಾದರೆ, ಕಾಯಿ ಹಿಡಿದವರಿಗೂ ಕಲ್ಲು ಎಸೆದು ಗುರುತು ಮಾಡಿದವರಿಗೂ ಆರು ಸಿಕ್ಕೇ ಸಿಗುತ್ತವೆ. ಬಿದ್ದ ಆರರ ಮಾತು ಊರೂರು ಸುತ್ತುತ್ತದೆ. ಫೇಲಾದ ನಾಲ್ಕಕ್ಕೆ 'ಸೆಲೆ ಪಕ್ಕಕ್ಕೆ ಸರಿದಿದೆ', 'ಬಿಟ್ ಓರೆ ಹೋಯಿತು' ಎಂಬ ಸಮಾಧಾನವಿದೆ. ಆದ್ದರಿಂದ ಅವರನ್ನು ಮೆಚ್ಚಿನ ನಾಲ್ಕು ಬೋರ್ ತೋರಿಸಿ ಎನ್ನಬೇಡಿ. ಕೊನೆಯ 20 ಪಾಯಿಂಟ್ ಯಾವ್ಯಾವ ಹೊಲದಲ್ಲಿ ಮಾಡಿದರು ಎಂದು ಕೇಳಿ, ಒಂದನ್ನೂ ಬಿಡದೆ ಆ ರೈತರನ್ನೆಲ್ಲ ವಿಚಾರಿಸಿ.

ಇದರ ಜತೆಗೆ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೂವತ್ತು ವರ್ಷ ಹೊಲ ಹೊಲ ತಿರುಗಿದವರ ಕಣ್ಣಿಗೆ ನೆಲದ ಓದು ಬಂದಿರುತ್ತದೆ. ಬೇಸಿಗೆಯಲ್ಲೂ ಹಸಿರಾಗಿ ನಿಂತ ಅತ್ತಿ, ಈಚಲು, ಸಾಲಾಗಿ ಬೆಳೆದ ಗಿಡಗಳು, ಹುತ್ತ ಇವನ್ನು ಅವರು ನೋಡಿಯೇ ಇರುತ್ತಾರೆ. ವರಾಹಮಿಹಿರ ಆರನೇ ಶತಮಾನದಲ್ಲೇ ಬೃಹತ್ಸಂಹಿತೆಯ ದಕಾರ್ಗಲ ಅಧ್ಯಾಯದಲ್ಲಿ ಮರ ಮತ್ತು ಹುತ್ತಗಳ ಗುರುತಿನಿಂದ ನೀರು ಹುಡುಕುವುದನ್ನು ಬರೆದಿದ್ದಾನೆ. ಆ ಓದಿಗೆ ಬೆಲೆಯಿದೆ. ಅದು ಅವರ ಕಣ್ಣಿನ ವಿದ್ಯೆ, ಕಾಯಿಯದ್ದಲ್ಲ. ಆದರೆ ಹುತ್ತ ಹೇಳುವುದು ಮೇಲಿನ ಪದರದ ಮೆತುವು ಮತ್ತು ತೇವವನ್ನು. 380 ಅಡಿಯ ಬಿರುಕನ್ನು ಅದು ಹೇಳಲಾರದು. 380 ಅಡಿ, ಮೂರು ಇಂಚು ಎಂಬ ಅಂಕಿ ಎಲ್ಲಿಂದ ಬಂತು? ಪಕ್ಕದ ಹೊಲಗಳ ಬೋರ್ ವಿಚಾರಿಸಿ ನೋಡಿ, ಹೆಚ್ಚು ಕಡಿಮೆ ಅದೇ ಅಂಕಿ ಕಿವಿಗೆ ಬೀಳಬಹುದು.

ಇಂಚಿನ ಲೆಕ್ಕವನ್ನೂ ತಿಳಿದುಕೊಳ್ಳಿ, ಏಕೆಂದರೆ ಇಲ್ಲಿ ರೈತರಿಗೆ ಬಹಳ ಗೊಂದಲವಾಗುತ್ತದೆ. ಇದು ಪೈಪಿನ ಇಂಚಲ್ಲ. ವಿ ಆಕಾರಕ್ಕೆ ಕತ್ತರಿಸಿದ ತಗಡಿನ ಮೇಲೆ ಹರಿಯುವ ನೀರಿನ ಎತ್ತರ. 90 ಡಿಗ್ರಿಯ ವಿ ಕಚ್ಚಿನಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಸುಮಾರು 2,900 ಲೀಟರ್, ಮೂರು ಇಂಚು ಸುಮಾರು 8,000 ಲೀಟರ್. ಎರಡಕ್ಕೂ ಮೂರಕ್ಕೂ ಇಂಚು ಒಂದೇ ವ್ಯತ್ಯಾಸ, ನೀರು ಮಾತ್ರ ಎರಡೂವರೆ ಪಟ್ಟಿಗಿಂತ ಹೆಚ್ಚು.

ಇನ್ನು ನಿಮ್ಮ ನಿಜವಾದ ಕೆಲಸ. ಬೋರ್ ಪಾಯಿಂಟಿಗೆ ಮೊದಲು ಬೇಕಾದದ್ದು ಸುತ್ತಲಿನ ಬೋರ್‌ಗಳ ಲೆಕ್ಕ. ಅರ್ಧ ಕಿಲೋಮೀಟರ್ ಒಳಗಿನ ಹತ್ತು ಬೋರ್ ಆದರೂ ಹಿಡಿಯಿರಿ: ಯಾವ ವರ್ಷ ಕೊರೆದದ್ದು, ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪ್) ಎಷ್ಟು ಅಡಿ, ಗ್ಯಾಪ್ ಯಾವ ಆಳದಲ್ಲಿ, ಆಗ ಎಷ್ಟು ನೀರು, ಈಗ ಎಷ್ಟು. ಫೇಲಾದವನ್ನು ಬಿಡಬೇಡಿ. ಕೇಸಿಂಗ್ ಹೆಚ್ಚು ಇಳಿದ ಕಡೆ ಕೊಳೆತ ಪದರ ದಪ್ಪ ಎಂದರ್ಥ. ಉಪಗ್ರಹ ಚಿತ್ರದಲ್ಲಿ ಹಳ್ಳಗಳು ಗೀಟು ಎಳೆದಂತೆ ನೇರ ಹರಿಯುವ ಕಡೆ, ಮರಗಳು ಸಾಲಾಗಿ ನಿಂತ ಕಡೆ ಬಂಡೆಯ ಸೀಳು ಇರಬಹುದು. ಇಂಥ ಎರಡು ಗೆರೆ ಕೂಡುವ ಜಾಗ ಹೊಲದಲ್ಲಿ ಬಿದ್ದರೆ ಮೊದಲು ಅಲ್ಲಿ ನೋಡಿ.

ಆಮೇಲೆ ರೆಸಿಸ್ಟಿವಿಟಿ ಸರ್ವೆ. ನೆಲಕ್ಕೆ ನಾಲ್ಕು ಸರಳು ಹೊಡೆದು, ಹೊರಗಿನ ಎರಡರಿಂದ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುವುದು ಇದರ ಕ್ರಮ. ಗಟ್ಟಿ ಬಂಡೆ ಕರೆಂಟ್ ಬಿಡುವುದಿಲ್ಲ, ಅದರ ರೆಸಿಸ್ಟಿವಿಟಿ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸಾವಿರ ಓಮ್-ಮೀಟರ್ ದಾಟುತ್ತದೆ. ತೇವದ ಕೊಳೆತ ಕಲ್ಲು ಸಾಮಾನ್ಯವಾಗಿ 20ರಿಂದ 100ರ ಆಸುಪಾಸಿನಲ್ಲಿರುತ್ತದೆ. ಇದೂ ತಪ್ಪುತ್ತದೆ. ಜೇಡಿ ಮಣ್ಣೂ ಕಡಿಮೆ ತೋರಿಸುತ್ತದೆ, ಉಪ್ಪು ನೀರೂ ತೋರಿಸುತ್ತದೆ. ಒಣ ಮಣ್ಣಿನಲ್ಲಿ ಸರಳಿಗೆ ಉಪ್ಪುನೀರು ಸುರಿಯದಿದ್ದರೆ, ಇಲ್ಲವೇ ಪಕ್ಕದಲ್ಲೇ ತಂತಿಬೇಲಿ, ಕರೆಂಟ್ ಲೈನ್ ಇದ್ದರೆ ಅಂಕಿಯೇ ಕೆಡುತ್ತದೆ. ಮುಖ್ಯವಾದದ್ದು ತಂತಿಯ ಉದ್ದ. ಹೊರಗಿನ ಎರಡು ಸರಳುಗಳ ನಡುವಿನ ದೂರದ ಸುಮಾರು ನಾಲ್ಕನೇ ಒಂದು ಭಾಗದಷ್ಟು ಆಳ ಮಾತ್ರ ತಿಳಿಯುತ್ತದೆ. ನಿಮ್ಮ ನಾಲ್ಕು ಎಕರೆ ಚೌಕವಾಗಿದ್ದರೆ ಬದಿ 127 ಮೀಟರ್, ಮೂಲೆಯಿಂದ ಮೂಲೆಗೆ 180 ಮೀಟರ್. ಹೊಲದೊಳಗೇ ತಂತಿ ಎಳೆದರೆ 45 ಮೀಟರ್, ಅಂದರೆ 150 ಅಡಿಯ ಸುದ್ದಿ ಸಿಗುತ್ತದೆ. 380 ಅಡಿಯ ಸುದ್ದಿಗೆ ಪಕ್ಕದವರ ಹೊಲ ಸೇರಿ 460 ಮೀಟರ್ ಬೇಕು. ಅಷ್ಟು ಆಳದ ಗೇಣಗಲದ ಬಿರುಕು ಆಗಲೂ ಕಾಣುವುದಿಲ್ಲ. 20 ಮೀಟರ್ ತಂತಿ ಎಳೆದು ಹದಿನೈದು ನಿಮಿಷದಲ್ಲಿ 'ಮಿಷಿನ್ 800 ಅಡಿಗೆ ನೀರು ತೋರಿಸಿದೆ' ಎಂದರೆ ಅದನ್ನು ತೆಂಗಿನಕಾಯಿಯಷ್ಟೇ ನಂಬಿ. ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಗಳನ್ನು ಮೊದಲು ಕಾಣಿ. 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಹೊಸ ಬೋರಿಗೆ ಅನುಮತಿಯೂ ಬೇಕು, ನಿಮ್ಮದು ಆ ಪಟ್ಟಿಯಲ್ಲಿದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ.

ಹುತ್ತದ ಪಕ್ಕದ ಜಾಗವನ್ನು ತಳ್ಳಿಹಾಕಬೇಡಿ. ಮೂರು ನಾಲ್ಕು ಜಾಗ ಆರಿಸಿ, ಅದೂ ಅವುಗಳಲ್ಲೊಂದಾಗಿರಲಿ, ಎಲ್ಲದರ ಮೇಲೂ ಅದೇ ಅಳತೆಯ ಸರ್ವೆ ಮಾಡಿಸಿ. ಕೊನೆಗೆ ಕೊರೆಯಲು ಇಳಿದರೆ ಎಲ್ಲಿಗೆ ನಿಲ್ಲಿಸುತ್ತೀರಿ ಎಂಬುದನ್ನು ರಿಗ್ ಬರುವ ಮುಂಚೆ, ಮನೆಯವರ ಎದುರು, ಕಾಗದದ ಮೇಲೆ ಬರೆದಿಡಿ. 380ಕ್ಕೆ ಬರದಿದ್ದರೆ 'ಇನ್ನೊಂದು 100 ಅಡಿ' ಎನ್ನುವ ಮಾತು ಬಂದೇ ಬರುತ್ತದೆ, ಸಾಲ ಬೆಳೆಯುವುದು ಆ ನೂರಡಿಗಳಲ್ಲಿ. ಪ್ರತಿ 10 ಅಡಿಗೆ ಒಂದು ಬೊಗಸೆ ಪುಡಿ ತೆಗೆದು ಸಾಲಾಗಿ ಇಡಿಸಿ. ನುಣ್ಣನೆ ಬೂದು ಧೂಳು ಬರುತ್ತಿದ್ದರೆ ಬಂಡೆ ಗಟ್ಟಿ. ಕಂದು ತುಕ್ಕಿನ ಕಲೆ ಹತ್ತಿದ ಮೂಲೆಮೂಲೆಯ ಚೂರು ಬಂದರೆ ನೀರು ಓಡಾಡಿದ ಬಿರುಕು ಅದು. ಕೇಸಿಂಗ್ ಗಟ್ಟಿ ಬಂಡೆಯೊಳಕ್ಕೆ ಕೂರುವವರೆಗೆ ಇಳಿಯಲೇಬೇಕು. ಪೈಪಿನ ದುಡ್ಡು ಉಳಿಸಲು ಮೇಲೆಯೇ ನಿಲ್ಲಿಸಿದರೆ ಮಣ್ಣು ಕುಸಿದು, ಸಿಕ್ಕ ನೀರೂ ಹಾಳಾಗುತ್ತದೆ.

ಅದಕ್ಕೂ ಮೊದಲು ಫೇಲಾದ ಆ ಎರಡು ಬೋರ್‌ಗಳನ್ನು ನೋಡಿ. ಒಂದೊಂದಕ್ಕೂ ಟ್ಯಾಂಕರಿನಿಂದ 5,000 ಲೀಟರ್ ಬಿಡಿ. ದಾರಕ್ಕೆ ಕಲ್ಲು ಕಟ್ಟಿ ನೀರಿನ ಮಟ್ಟವನ್ನು ಗಂಟೆಗೊಮ್ಮೆ ಅಳೆಯಿರಿ. ಬೇಗ ಇಳಿದರೆ ಒಳಗೆ ಬಿರುಕಿದೆ. ಅಂಥ ಬೋರಿನ ಸುತ್ತ ಜಲ್ಲಿ, ಮರಳು ತುಂಬಿದ ಸೋಸುಗುಂಡಿ ಮಾಡಿ ಹೊಲದ ಮಳೆನೀರು ಇಂಗಿಸಿದರೆ ಅದಕ್ಕೂ ಸುತ್ತಲಿನ ಬೋರಿಗೂ ಲಾಭ. ಮರುದಿನವೂ ನೀರು ಇದ್ದಲ್ಲೇ ಇದ್ದರೆ ಇಂಗು ಗುಂಡಿಗೆ ದುಡ್ಡು ಹಾಕಬೇಡಿ. ಆ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಕಲ್ಲು ತುಂಬಿ ಮುಚ್ಚಿಸಿ. ಸುಪ್ರೀಂ ಕೋರ್ಟ್ 2010ರಲ್ಲೇ ಹಾಗೆ ಹೇಳಿದೆ. ಬಾಯಿಗೆ ಗೋಣಿಚೀಲ ತುರುಕಿ ಮೇಲೊಂದು ಚಪ್ಪಡಿ ಎಳೆದು ಬಿಟ್ಟಿದ್ದರೆ ಈ ವಾರವೇ ಆ ಕೆಲಸ ಮುಗಿಸಿ, ಹೊಲದಲ್ಲಿ ಮಕ್ಕಳು ಓಡಾಡುತ್ತಾರೆ.